ಮೊದಲು ಎಳೆದ ಕ್ಲಿಪ್‌ಗೆ ಯಜಮಾನಿಕೆ ಕೊಡಬೇಡಿ: ಬೇರೆ ಬೇರೆ ಕ್ಯಾಮೆರಾದ ವಿಡಿಯೊಗಳನ್ನು ಒಂದೇ ಪ್ರಾಜೆಕ್ಟ್‌ಗೆ ಹೊಂದಿಸುವುದು ಹೇಗೆ?

ಮೂಲ್ಕಿ ಹತ್ತಿರದ ಒಂದು ಮನೆಯವರ ಹರಕೆಯ ಯಕ್ಷಗಾನ ಬಯಲಾಟ. ಎಡಿಟಿಂಗ್‌ಗೆ ಅಂತ ನನ್ನ ಕೈಗೆ ಬಂದದ್ದು ಒಂದು ಹಾರ್ಡ್‌ಡಿಸ್ಕ್, ಎರಡು ಪೆನ್‌ಡ್ರೈವ್. ಒಳಗೆ ರಂಗಸ್ಥಳದ ಎರಡು ಕ್ಯಾಮೆರಾಗಳ ಫೈಲ್, ಸಂಜೆ ಹೊತ್ತಿಗೆ ಗದ್ದೆಯ ಮೇಲಿಂದ ತೆಗೆದ ಡ್ರೋನ್ ಶಾಟ್, ಮನೆಯ ಹುಡುಗರ ಫೋನ್ ಕ್ಲಿಪ್, ಮಿಕ್ಸರ್‌ನಿಂದ ನೇರವಾಗಿ ತೆಗೆದ ಆಡಿಯೊ. ವಿಡಿಯೊ ಶುರುವಾಗಬೇಕಾದದ್ದು ಡ್ರೋನ್ ಶಾಟ್‌ನಿಂದ. ಹಾಗಾಗಿ ಅದನ್ನೇ ಮೊದಲು ಟೈಮ್‌ಲೈನ್‌ಗೆ, ಅಂದರೆ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ, ಎಳೆದೆ. ಈ ಕ್ಲಿಪ್‌ಗೆ ತಕ್ಕ ಹಾಗೆ ಸೆಟ್ಟಿಂಗ್ ಬದಲಿಸಬೇಕಾ ಅಂತ ಸಾಫ್ಟ್‌ವೇರ್ ಕೇಳಿತು. ಹೌದು ಅಂತ ಒತ್ತಿದೆ.

ಕೆಲಸ ಮುಗಿಸಿ ಕೊಟ್ಟ ಮೇಲೆ ಮನೆಯ ಯಜಮಾನರು ಟಿವಿಯಲ್ಲಿ ನೋಡಿ ಫೋನ್ ಮಾಡಿದರು. "ಎಲ್ಲ ಚೆಂದ ಬಂದಿದೆ ಮಾರಾಯ್ರೆ. ಆದ್ರೆ ವೇಷ ಧಿಗಿಣ ಹಾಕುವಾಗ ನಡುನಡುವೆ ತಡೆದ ಹಾಗೆ ಕಾಣ್ತದೆ. ಎಂತ ಅದು?"

ಅವರ ಕಣ್ಣು ಸರಿಯಾಗಿಯೇ ಹಿಡಿದಿತ್ತು. ಡ್ರೋನ್ ತೆಗೆದದ್ದು ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿ ಚಿತ್ರ. ರಂಗಸ್ಥಳದ ಎರಡೂ ಕ್ಯಾಮೆರಾ 25. ಪ್ರಾಜೆಕ್ಟ್ 30 ಆಗಿಬಿಟ್ಟಿದ್ದರಿಂದ, ಇಲ್ಲದ 5 ಫ್ರೇಮ್ ತುಂಬಿಸಲು ಸಾಫ್ಟ್‌ವೇರ್ ಪ್ರತಿ ಸೆಕೆಂಡಿನಲ್ಲೂ 5 ಫ್ರೇಮ್‌ಗಳನ್ನು ಎರಡೆರಡು ಸಲ ತೋರಿಸಿತ್ತು. ಭಾಗವತರು ಕೂತು ಹಾಡುವಾಗ ಅದು ಗೊತ್ತಾಗುವುದಿಲ್ಲ. ವೇಷಧಾರಿ ಧಿಗಿಣ ಹಾಕುತ್ತಾ ಗಿರಗಿರ ತಿರುಗುವಾಗ ಗೊತ್ತಾಗುತ್ತದೆ. ಮೂರು ನಿಮಿಷದ ಡ್ರೋನ್ ಶಾಟ್‌ಗೋಸ್ಕರ ನಾಲ್ಕು ಗಂಟೆಯ ಆಟ ಕೆಟ್ಟಿತು. ಇಡೀ ಕೆಲಸವನ್ನು ಮೊದಲಿಂದ ಮಾಡಿಕೊಟ್ಟೆ. ಅವತ್ತಿನಿಂದ ನಾನು ಬಿಡದೆ ಪಾಲಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಆಟ, ಮದುವೆ, ಕಂಬಳ, ನೇಮ, ಯಾವುದೇ ಇರಲಿ, ಇದು ಹೊಂದುತ್ತದೆ.

ಸಾಫ್ಟ್‌ವೇರ್ ತೆರೆಯುವ ಮೊದಲು

ಮೊದಲು ಎಲ್ಲ ಕ್ಲಿಪ್‌ಗಳನ್ನೂ ಕಂಪ್ಯೂಟರ್‌ಗೆ ಹಾಕಿಕೊಳ್ಳಿ. ಒಂದೊಂದು ಕ್ಯಾಮೆರಾಕ್ಕೆ ಒಂದೊಂದು ಫೋಲ್ಡರ್. ಫೋನ್ ಕ್ಲಿಪ್‌ಗಳು ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೊ ಆಗಿ ಬಂದಿದ್ದರೆ ಅಲ್ಲೇ ನಿಲ್ಲಿಸಿ, ಮತ್ತೆ ಕೇಳಿ ತರಿಸಿಕೊಳ್ಳಿ. ಹಾಗೆ ಕಳಿಸಿದಾಗ ವಿಡಿಯೊ ಕುಗ್ಗಿಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲ್ ಹಾಗೇ ಬರುತ್ತದೆ. ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟರೆ ಇನ್ನೂ ಒಳ್ಳೆಯದು. ಕೇಳಲು ಸಂಕೋಚ ಬೇಡ, ಕುಗ್ಗಿದ ವಿಡಿಯೊವನ್ನು ಆಮೇಲೆ ಯಾವ ಸಾಫ್ಟ್‌ವೇರ್‌ನಿಂದಲೂ ಮೊದಲಿನ ಹಾಗೆ ಮಾಡಲು ಆಗುವುದಿಲ್ಲ.

ಆಮೇಲೆ ಮೀಡಿಯಾಇನ್ಫೊ ಎನ್ನುವ ಉಚಿತ ಆ್ಯಪ್ ಹಾಕಿಕೊಳ್ಳಿ. ಕ್ಲಿಪ್ ಅನ್ನು ಅದರ ಮೇಲೆ ಎಳೆದು ಬಿಟ್ಟರೆ ಅದರ ಜಾತಕ ಪೂರ್ತಿ ಹೇಳುತ್ತದೆ. ವ್ಯೂ ಮೆನುವಿನಲ್ಲಿ ಟ್ರೀ ಆಯ್ಕೆ ಮಾಡಿದರೆ ಓದಲು ಸುಲಭ. ಅಲ್ಲಿ ನೀವು ನೋಡಬೇಕಾದದ್ದು ಚಿತ್ರದ ಅಗಲ-ಎತ್ತರ, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್), ಫ್ರೇಮ್ ರೇಟ್ ಮೋಡ್ (ಆ ಲೆಕ್ಕ ಸಮವಾಗಿದೆಯೋ ಇಲ್ಲವೋ), ಸ್ಕ್ಯಾನ್ ಟೈಪ್ (ಪೂರ್ತಿ ಚಿತ್ರವೋ ಅರ್ಧ ಚಿತ್ರವೋ) ಮತ್ತು ಬಣ್ಣದ ವಿವರ. ಪ್ರತಿ ಕ್ಯಾಮೆರಾದಿಂದ ಒಂದು ಕ್ಲಿಪ್ ನೋಡಿದರೆ ಸಾಕು. ಫೋನ್ ಕ್ಲಿಪ್‌ಗಳನ್ನು ಮಾತ್ರ ಒಂದೊಂದನ್ನೂ ನೋಡಿ. ಒಂದೇ ಫೋನ್ ಬೆಳಕಿನಲ್ಲಿ ಒಂದು ರೀತಿ, ಕತ್ತಲೆಯಲ್ಲಿ ಇನ್ನೊಂದು ರೀತಿ ರೆಕಾರ್ಡ್ ಮಾಡುವುದುಂಟು.

ನಾನು ಇದನ್ನೆಲ್ಲ ಒಂದು ಹಾಳೆಯಲ್ಲಿ ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ. "ಕ್ಯಾಮೆರಾ 1: 1920×1080, 25, ಕಾನ್‌ಸ್ಟಂಟ್. ಡ್ರೋನ್: 3840×2160, 29.97, ಕಾನ್‌ಸ್ಟಂಟ್. ಫೋನ್ 1: ಉದ್ದಕ್ಕೆ ಹಿಡಿದದ್ದು, 30, ವೇರಿಯಬಲ್." ಹತ್ತು ನಿಮಿಷದ ಕೆಲಸ. ಎಡಿಟಿಂಗ್ ನಡುವೆ ಏನಾದರೂ ಎಡವಟ್ಟಾದರೆ ಈ ಹಾಳೆ ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ.

ಪ್ರಾಜೆಕ್ಟ್ ಯಾವುದಕ್ಕೆ ತಕ್ಕ ಹಾಗೆ ಇರಬೇಕು?

ಎಷ್ಟು ಕ್ಲಿಪ್ ಇದೆ ಅಂತ ಎಣಿಸಬೇಡಿ. ಯಾವ ಕ್ಯಾಮೆರಾದ ವಿಡಿಯೊ ಕೊನೆಗೆ ಎಷ್ಟು ನಿಮಿಷ ಪರದೆಯ ಮೇಲೆ ಇರುತ್ತದೆ ಅಂತ ನೋಡಿ. ಮಾತು, ಹಾಡು, ಕುಣಿತ ಯಾವುದರಲ್ಲಿ ಸತತವಾಗಿ ಇದೆಯೋ ಅದರ ಫ್ರೇಮ್ ರೇಟ್ ಪ್ರಾಜೆಕ್ಟ್‌ನದ್ದಾಗಬೇಕು. ಉಳಿದ ಕ್ಲಿಪ್‌ಗಳು ಅದಕ್ಕೆ ಹೊಂದಿಕೊಳ್ಳಲಿ. ನಮ್ಮ ಕಡೆ ಕ್ಯಾಮೆರಾದವರು ಹೆಚ್ಚಾಗಿ ಪಾಲ್ ಸೆಟ್ಟಿಂಗ್‌ನಲ್ಲಿ, ಅಂದರೆ 25 ಅಥವಾ 50 ಫ್ರೇಮ್‌ನಲ್ಲಿ ತೆಗೆಯುತ್ತಾರೆ. ಅದಕ್ಕೆ ಕಾರಣವೂ ಇದೆ. ನಮ್ಮ ಕರೆಂಟ್ 50 ಹರ್ಟ್ಸ್. ಟ್ಯೂಬ್‌ಲೈಟ್, ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 25 ಫ್ರೇಮ್, 1/50 ಶಟರ್ (ಒಂದು ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ ಲೆಕ್ಕದಲ್ಲಿ) ಇಟ್ಟರೆ ಆ ಮಿನುಗು ಚಿತ್ರದಲ್ಲಿ ಕಾಣುವುದಿಲ್ಲ. 30 ಫ್ರೇಮ್‌ನಲ್ಲಿ 1/60 ಶಟರ್ ಇಟ್ಟರೆ ಪಟ್ಟೆ ಪಟ್ಟೆ ಓಡುತ್ತದೆ. ಹಾಲ್‌ನಲ್ಲಿ ನಡೆಯುವ ಮದುವೆಯ ವಿಡಿಯೊಗಳಲ್ಲಿ ಇದನ್ನು ನೋಡಿರುತ್ತೀರಿ.

ಹಾಗಂತ ಯಾವಾಗಲೂ 25 ಅಂತ ಅಲ್ಲ. ಇಡೀ ಕಾರ್ಯಕ್ರಮವನ್ನು ಫೋನಿನಲ್ಲೇ 30ರಲ್ಲಿ ತೆಗೆದಿದ್ದರೆ ಪ್ರಾಜೆಕ್ಟ್ ಕೂಡ 30 ಇರಲಿ. ಯೂಟ್ಯೂಬ್ 25 ಆದರೂ ತಗೊಳ್ಳುತ್ತದೆ, 30 ಆದರೂ ತಗೊಳ್ಳುತ್ತದೆ. ಟಿವಿ ಚಾನೆಲ್‌ಗೆ ಕೊಡುವುದಾದರೆ ಮಾತ್ರ 25ರ ಲೆಕ್ಕವೇ ಬೇಕು, ಅವರನ್ನು ಮೊದಲೇ ಕೇಳಿಕೊಳ್ಳಿ. ಇನ್ನೊಂದು ಎಚ್ಚರ: 29.97 ಮತ್ತು 30 ಒಂದೇ ಅಲ್ಲ. ಒಂದನ್ನು ಇನ್ನೊಂದು ಅಂತ ತಪ್ಪಾಗಿ ಲೆಕ್ಕ ಹಾಕಿದರೆ ಒಂದು ಗಂಟೆಗೆ 3.6 ಸೆಕೆಂಡ್ ವ್ಯತ್ಯಾಸ ಬರುತ್ತದೆ.

ಫ್ರೇಮ್ ರೇಟ್ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ಕಾರಣ ಉಂಟು. ಚಿತ್ರದ ಅಳತೆಯನ್ನು ಯಾವಾಗ ಬೇಕಾದರೂ ಬದಲಿಸಬಹುದು, ಫ್ರೇಮ್ ರೇಟ್ ಹಾಗಲ್ಲ. ಡಾವಿಂಚಿ ರಿಸಾಲ್ವ್ ಎನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಮ್‌ಲೈನ್ ಮಾಡಿ ಕ್ಲಿಪ್ ಹಾಕಿದ ಮೇಲೆ ಅದರ ಫ್ರೇಮ್ ರೇಟ್ ಬದಲಿಸಲು ಬರುವುದೇ ಇಲ್ಲ. ಪ್ರೀಮಿಯರ್ ಪ್ರೊದಲ್ಲಿ ಬದಲಿಸಲು ಬಿಡುತ್ತದೆ, ಆದರೆ ಹಾಕಿದ ಕಟ್‌ಗಳನ್ನೆಲ್ಲ ಮತ್ತೆ ಒಂದೊಂದಾಗಿ ನೋಡಬೇಕಾಗುತ್ತದೆ. ಆದ್ದರಿಂದ ಕ್ಲಿಪ್ ಎಳೆಯುವ ಮೊದಲೇ ಸೆಟ್ಟಿಂಗ್ ಮಾಡಿ. ರಿಸಾಲ್ವ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್ ಒಳಗೆ ಮಾಸ್ಟರ್ ಸೆಟ್ಟಿಂಗ್ಸ್. ಪ್ರೀಮಿಯರ್‌ನಲ್ಲಿ ನ್ಯೂ ಸೀಕ್ವೆನ್ಸ್. ಕೆಡೆನ್‌ಲೈವ್‌ನಲ್ಲಿ ಪ್ರಾಜೆಕ್ಟ್ ಪ್ರೊಫೈಲ್. ಆಮೇಲೆ ಕ್ಲಿಪ್ ಹಾಕುವಾಗ "ಬದಲಿಸಲೇ?" ಅಂತ ಪ್ರಶ್ನೆ ಬಂದರೆ ಬೇಡ, ಇದ್ದ ಹಾಗೆ ಇರಲಿ ಅಂತ ಒತ್ತಿ.

ಅಳತೆಯ ವಿಷಯ ಸುಲಭ. ನೋಡುವವರು ಪೆನ್‌ಡ್ರೈವ್ ಹಾಕಿ ಮನೆಯ ಟಿವಿಯಲ್ಲಿ ನೋಡುತ್ತಾರೆ ಅಂತಾದರೆ 1920×1080 ಸಾಕು. ಹೆಚ್ಚಿನ ಕ್ಲಿಪ್ 4ಕೆ ಇದ್ದು, ಕಂಪ್ಯೂಟರ್‌ಗೂ ತಾಕತ್ತಿದ್ದರೆ 3840×2160 ಮಾಡಿ. ನನ್ನ ಅನುಭವದಲ್ಲಿ 4ಕೆ ಕ್ಲಿಪ್ ಅನ್ನು 1080 ಪ್ರಾಜೆಕ್ಟ್‌ಗೆ ಹಾಕುವುದೇ ಜಾಸ್ತಿ ಉಪಯೋಗ. ಎರಡು ಪಟ್ಟು ಹತ್ತಿರ ತಂದರೂ ಚಿತ್ರ ಒಡೆಯುವುದಿಲ್ಲ. ಹಿಂದಿನ ಕ್ಯಾಮೆರಾ ಒಂದೇ 4ಕೆಯಲ್ಲಿ ಇದ್ದರೂ ಅದರಿಂದಲೇ ಇಡೀ ರಂಗಸ್ಥಳ ಒಂದು ಶಾಟ್, ವೇಷದ ಮುಖ ಇನ್ನೊಂದು ಶಾಟ್ ಮಾಡಿಕೊಳ್ಳಬಹುದು. ಇದಕ್ಕೆ ಪ್ರೀಮಿಯರ್‌ನಲ್ಲಿ "ಸೆಟ್ ಟು ಫ್ರೇಮ್ ಸೈಜ್" ಬಳಸಿ. ಅದರ ಪಕ್ಕದ "ಸ್ಕೇಲ್ ಟು ಫ್ರೇಮ್ ಸೈಜ್" ಒತ್ತಿದರೆ ಕ್ಲಿಪ್ ಮೊದಲೇ 1080ಕ್ಕೆ ಕುಗ್ಗುತ್ತದೆ, ಆಮೇಲೆ ಹತ್ತಿರ ತಂದರೆ ಮಸುಕಾಗುತ್ತದೆ.

ಡ್ರೋನ್ ಮತ್ತು ವೇಗದ ಕ್ಲಿಪ್‌ಗಳು

30ರ ಡ್ರೋನ್ ಶಾಟ್ ಅನ್ನು 25ರ ಪ್ರಾಜೆಕ್ಟ್‌ಗೆ ಸುಮ್ನೆ ಹಾಕಿದರೆ ಪ್ರತಿ ಆರು ಫ್ರೇಮ್‌ಗೆ ಒಂದು ಬಿಟ್ಟುಹೋಗುತ್ತದೆ. ಕಾಪು ಲೈಟ್‌ಹೌಸ್ ಸುತ್ತ ಡ್ರೋನ್ ನಿಧಾನವಾಗಿ ತಿರುಗುವಾಗ ದಿಗಂತದ ಗೆರೆ ಸಣ್ಣಗೆ ಜಗ್ಗಿದ ಹಾಗೆ ಕಾಣುವುದು ಇದರಿಂದಲೇ. ಆದರೆ ಡ್ರೋನ್ ಶಾಟ್‌ನಲ್ಲಿ ನಮಗೆ ಬೇಕಾದ ಧ್ವನಿ ಇರುವುದಿಲ್ಲ ಅಲ್ವಾ? ಹಾಗಾಗಿ ಇಲ್ಲೊಂದು ಒಳ್ಳೆಯ ದಾರಿ ಇದೆ. ಆ ಕ್ಲಿಪ್ 25ರದ್ದೇ ಅಂತ ಸಾಫ್ಟ್‌ವೇರ್‌ಗೆ ಹೇಳಿಬಿಡಿ. ಪ್ರೀಮಿಯರ್‌ನಲ್ಲಿ ಇಂಟರ್‌ಪ್ರಿಟ್ ಫೂಟೇಜ್, ರಿಸಾಲ್ವ್‌ನಲ್ಲಿ ಕ್ಲಿಪ್ ಆ್ಯಟ್ರಿಬ್ಯೂಟ್ಸ್. ಆಗ ಒಂದು ಫ್ರೇಮೂ ಬಿಡದೆ, ಒಂದೂ ಎರಡು ಸಲ ಬಾರದೆ ಓಡುತ್ತದೆ. ವೇಗ ಮಾತ್ರ ಸುಮಾರು ಶೇ. 83ಕ್ಕೆ ಇಳಿಯುತ್ತದೆ. ಡ್ರೋನ್‌ಗೆ ಅದು ಶೋಭೆಯೇ.

60 ಫ್ರೇಮ್‌ನ ಕ್ಲಿಪ್‌ಗೆ ಇದೇ ರೀತಿ ಮಾಡಿದರೆ 2.4 ಪಟ್ಟು ನಿಧಾನ, 120ಕ್ಕೆ 4.8 ಪಟ್ಟು. ಕಂಬಳದ ಕರೆಯಲ್ಲಿ (ಕೋಣ ಓಡುವ ಕೆಸರಿನ ಜಾಡು) ಕೋಣಗಳ ಕಾಲಿನಿಂದ ನೀರು ಚಿಮ್ಮುವ ಶಾಟ್ ಇದ್ದರೆ ಹೀಗೇ ಮಾಡಿ. ಒಂದೊಂದು ಹನಿಯೂ ಬಿಡಿಯಾಗಿ ಕಾಣುತ್ತದೆ. ಇಲ್ಲಿ ಒಂದು ಮಾತು ನೆನಪಿರಲಿ: ಮಾತು ಅಥವಾ ಹಾಡು ಇರುವ ಕ್ಲಿಪ್‌ಗೆ ಈ ಉಪಾಯ ಬೇಡವೇ ಬೇಡ. ಧ್ವನಿಯೂ ಎಳೆದುಹೋಗುತ್ತದೆ. ಅಂಥ ಕ್ಲಿಪ್‌ಗಳನ್ನು ಇದ್ದ ಹಾಗೆಯೇ ಹಾಕಿ, ಶಾಟ್ ಚಿಕ್ಕದಾಗಿರಲಿ, ಓಡಾಟ ಕಡಿಮೆ ಇರುವ ಜಾಗ ಆರಿಸಿಕೊಳ್ಳಿ. ಆಪ್ಟಿಕಲ್ ಫ್ಲೋ ಎನ್ನುವ ಆಯ್ಕೆ ಹಾಕಿ ನಡುವಿನ ಫ್ರೇಮ್‌ಗಳನ್ನು ಹುಟ್ಟಿಸುವವರೂ ಇದ್ದಾರೆ. ವೇಷ ತಿರುಗುವಾಗ ಕಿರೀಟದ ಅಂಚು ಕರಗಿ ಹಿಂದಿನ ಪರದೆಗೆ ಅಂಟಿದ ಹಾಗೆ ಕಾಣುತ್ತದೆ. ನಾನಂತೂ ಕುಣಿತಕ್ಕೆ ಅದನ್ನು ಬಳಸುವುದಿಲ್ಲ.

ಫೋನ್ ಕ್ಲಿಪ್, ಚಂಡೆ ಪೆಟ್ಟು

ಈಗ ಎಲ್ಲಕ್ಕಿಂತ ಜಾಸ್ತಿ ತಲೆನೋವು ಕೊಡುವ ವಿಷಯ. ಮೀಡಿಯಾಇನ್ಫೊದಲ್ಲಿ ಫ್ರೇಮ್ ರೇಟ್ ಮೋಡ್ "ವೇರಿಯಬಲ್" ಅಂತ ಬಂದರೆ ಆ ಕ್ಲಿಪ್‌ಗೆ ಒಂದೇ ಲೆಕ್ಕದ ನಡಿಗೆ ಇಲ್ಲ ಅಂತ ಅರ್ಥ. ಫೋನಿಗೆ ಬೆಳಕು ಸಾಲದೆ ಹೋದರೆ, ಬಿಸಿಯಾದರೆ, ಸೆಕೆಂಡಿಗೆ 30ರ ಬದಲು ಕೆಲವೊಮ್ಮೆ 24, ಕೆಲವೊಮ್ಮೆ 28 ಹೀಗೆ ಬರೆದುಕೊಳ್ಳುತ್ತದೆ. ಧ್ವನಿ ಮಾತ್ರ ತನ್ನ ಪಾಡಿಗೆ ಸರಿಯಾಗಿ ಓಡುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್‌ಗೆ ಸಮ ನಡಿಗೆಯೇ ಬೇಕು. ಅರ್ಧ ನಿಮಿಷದ ಕ್ಲಿಪ್ ಆದರೆ ಏನೂ ಗೊತ್ತಾಗುವುದಿಲ್ಲ. ಹಿಮ್ಮೇಳದ ಪಕ್ಕ ಸ್ಟ್ಯಾಂಡ್‌ಗೆ ಸಿಕ್ಕಿಸಿ ನಲವತ್ತು ನಿಮಿಷ ಬಿಟ್ಟ ಫೋನ್ ಆದರೆ, ಶುರುವಿನಲ್ಲಿ ಸರಿ ಇದ್ದದ್ದು ಬರಬರುತ್ತಾ ಜಾರಿ, ಕೊನೆಗೆ ಚಂಡೆಯ ಸದ್ದಿಗೂ ಕೋಲು ಬೀಳುವುದಕ್ಕೂ ತಾಳೆಯೇ ಆಗುವುದಿಲ್ಲ.

ಇದಕ್ಕೆ ಮದ್ದು ಹ್ಯಾಂಡ್‌ಬ್ರೇಕ್ ಎನ್ನುವ ಉಚಿತ ಸಾಫ್ಟ್‌ವೇರ್. ಫೋನ್ ಕ್ಲಿಪ್ ಹಾಕಿ, ವಿಡಿಯೊ ಟ್ಯಾಬ್‌ಗೆ ಹೋಗಿ, ಫ್ರೇಮ್ ರೇಟ್ 30 ಅಂತ ಕೊಟ್ಟು, ಅದರ ಕೆಳಗೆ "ಕಾನ್‌ಸ್ಟಂಟ್ ಫ್ರೇಮ್‌ರೇಟ್" ಆಯ್ಕೆ ಮಾಡಿ. ಗುಣಮಟ್ಟದ ಅಳತೆಗೋಲು ಅಲ್ಲಿ ಉಲ್ಟಾ ಇದೆ, ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನಾಗಿರುತ್ತದೆ. ನಾನು 16 ಅಥವಾ 18 ಇಡುತ್ತೇನೆ. ಫೈಲ್ ದೊಡ್ಡದಾಗುತ್ತದೆ, ಆಗಲಿ. ಬಂದ ಹೊಸ ಫೈಲ್ ಅನ್ನು ಮತ್ತೆ ಮೀಡಿಯಾಇನ್ಫೊಗೆ ಹಾಕಿ "ಕಾನ್‌ಸ್ಟಂಟ್" ಅಂತ ಬಂತಾ ನೋಡಿಕೊಳ್ಳಿ. ಎಡಿಟಿಂಗ್‌ಗೆ ಈ ಹೊಸ ಫೈಲ್ ಮಾತ್ರ ಬಳಸಿ. ಹಳೆಯದನ್ನು ಅಳಿಸಬೇಡಿ, ಬೇರೆ ಫೋಲ್ಡರ್‌ನಲ್ಲಿ ಇರಲಿ. ಇದನ್ನು ಎಡಿಟಿಂಗ್ ಶುರು ಮಾಡುವ ಮೊದಲೇ ಮಾಡಬೇಕು. ಅರ್ಧ ಕೆಲಸ ಆದ ಮೇಲೆ ಫೈಲ್ ಬದಲಿಸಿದರೆ ಹಾಕಿದ ಕಟ್‌ಗಳೆಲ್ಲ ಜಾಗ ತಪ್ಪುತ್ತವೆ.

ಫ್ರೇಮ್ ಸಮ ಮಾಡಿದರೂ ಧ್ವನಿ ಕೂಡಿಸುವ ಕೆಲಸ ಉಳಿಯುತ್ತದೆ. ಮಿಕ್ಸರ್ ಆಡಿಯೊವನ್ನು ಕ್ಯಾಮೆರಾದ ಧ್ವನಿಗೆ ಹೊಂದಿಸಲು ಚಂಡೆಗಿಂತ ಒಳ್ಳೆಯ ಗುರುತು ಬೇರೆ ಇಲ್ಲ. ಆಟ ಶುರುವಾಗುವಾಗಿನ ಬಿಡಿ ಪೆಟ್ಟುಗಳು ಧ್ವನಿಯ ಚಿತ್ರದಲ್ಲಿ ಮುಳ್ಳಿನ ಹಾಗೆ ಎದ್ದು ನಿಲ್ಲುತ್ತವೆ. ಒಂದು ಮುಳ್ಳಿನ ಕೆಳಗೆ ಇನ್ನೊಂದು ಮುಳ್ಳು ಕೂರಿಸಿ. ಆದರೆ ಅಷ್ಟಕ್ಕೇ ಬಿಡಬೇಡಿ. ಕ್ಯಾಮೆರಾ ಎಲ್ಲಿ ಇತ್ತು ಅಂತ ನೆನಪು ಮಾಡಿಕೊಳ್ಳಿ. 25ರ ಲೆಕ್ಕದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಅಷ್ಟು ಹೊತ್ತಿನಲ್ಲಿ ಸದ್ದು ಸುಮಾರು 14 ಮೀಟರ್ ಹೋಗುತ್ತದೆ. ಕ್ಯಾಮೆರಾ ಗದ್ದೆಯಲ್ಲಿ ಕುರ್ಚಿಗಳ ಹಿಂದೆ 28 ಮೀಟರ್ ದೂರದಲ್ಲಿ ಇದ್ದರೆ ಅದರ ಮೈಕಿಗೆ ಚಂಡೆ ಕೇಳುವುದೇ ಎರಡು ಫ್ರೇಮ್ ತಡವಾಗಿ. ಆ ಧ್ವನಿಗೆ ಮಿಕ್ಸರ್ ಆಡಿಯೊ ಕೂಡಿಸಿದರೆ ಅದೂ ಎರಡು ಫ್ರೇಮ್ ತಡ.

ಆದ್ದರಿಂದ ಮುಳ್ಳು ಕೂಡಿಸಿದ ಮೇಲೆ ಕಣ್ಣಿನಲ್ಲೂ ನೋಡಿ. ಚಂಡೆಯವರ ಕೋಲು ಚರ್ಮಕ್ಕೆ ತಾಗುವ ಫ್ರೇಮ್ ಹುಡುಕಿ. ಒಂದೊಂದೇ ಫ್ರೇಮ್ ಮುಂದೆ ಹೋಗಿ. ಕೋಲು ಮೇಲೆ, ಕೋಲು ಮಧ್ಯೆ, ಕೋಲು ಚರ್ಮದ ಮೇಲೆ. ಅಲ್ಲಿ ಸದ್ದು ಶುರುವಾಗಬೇಕು. ತಡ ಇದ್ದರೆ ಮಿಕ್ಸರ್ ಆಡಿಯೊವನ್ನು ಒಂದೋ ಎರಡೋ ಫ್ರೇಮ್ ಹಿಂದಕ್ಕೆ, ಎಡಗಡೆಗೆ ಸರಿಸಿ. ಕ್ಯಾಮೆರಾದ ಸ್ವಂತ ಧ್ವನಿಯನ್ನು ಆಮೇಲೆ ಮುಚ್ಚಿಬಿಡಿ. ಎರಡೂ ಒಟ್ಟಿಗೆ ಇದ್ದರೆ ಪ್ರತಿಧ್ವನಿ ಬಂದ ಹಾಗಾಗುತ್ತದೆ.

ಇನ್ನೂ ಒಂದು ವಿಷಯ. ರೆಕಾರ್ಡರ್‌ನ ಒಳಗಿನ ಗಡಿಯಾರ ಮತ್ತು ಕ್ಯಾಮೆರಾದ ಗಡಿಯಾರ ಎರಡೂ ಪಕ್ಕಾ ಒಂದೇ ಅಲ್ಲ. ಗಂಟೆಗಟ್ಟಲೆ ಓಡಿದರೆ ಕೆಲವು ಫ್ರೇಮ್ ವ್ಯತ್ಯಾಸ ಬಂದೇ ಬರುತ್ತದೆ. ಅದೃಷ್ಟಕ್ಕೆ ಹಲವು ಕ್ಯಾಮೆರಾಗಳು ಉದ್ದದ ರೆಕಾರ್ಡಿಂಗ್ ಅನ್ನು ತುಂಡು ತುಂಡು ಫೈಲ್ ಮಾಡುತ್ತವೆ, ಕೆಲವು 4 ಜಿಬಿಗೆ ಒಂದು. ಇನ್ನು ಕೆಲವು 29 ನಿಮಿಷ 59 ಸೆಕೆಂಡ್‌ಗೆ ನಿಂತೇಬಿಡುತ್ತವೆ, ಮತ್ತೆ ಒತ್ತಬೇಕು. ಪ್ರತಿ ತುಂಡಿನ ಶುರುವಿನಲ್ಲೂ ಹೊಸದಾಗಿ ಮಿಕ್ಸರ್ ಆಡಿಯೊಗೆ ಕೂಡಿಸಿ. ಆಗ ವ್ಯತ್ಯಾಸ ಒಂದು ತುಂಡಿನ ಒಳಗೇ ಉಳಿಯುತ್ತದೆ, ಬೆಳೆಯುತ್ತಾ ಹೋಗುವುದಿಲ್ಲ. ಪ್ರಾಜೆಕ್ಟ್‌ನ ಆಡಿಯೊ 48 ಕಿಲೊಹರ್ಟ್ಸ್ ಇರಲಿ. 44.1ರ ಹಾಡುಗಳನ್ನು ಸಾಫ್ಟ್‌ವೇರ್ ತಾನೇ ಹೊಂದಿಸಿಕೊಳ್ಳುತ್ತದೆ.

ಉದ್ದಕ್ಕೆ ಹಿಡಿದ ಫೋನ್

ಉದ್ದಕ್ಕೆ ತೆಗೆದ ಕ್ಲಿಪ್ ಅನ್ನು 1920×1080ರಲ್ಲಿ ಪೂರ್ತಿ ಕೂರಿಸಿದರೆ ಅದಕ್ಕೆ ಸಿಗುವ ಅಗಲ ಬರೀ 600 ಚಿಲ್ಲರೆ ಪಿಕ್ಸೆಲ್. ಪರದೆ ತುಂಬಿಸಲು ಹೋದರೆ ತಲೆಯೂ ಕಾಲೂ ಹೋಗುತ್ತದೆ. ಇಂಥ ಕಡೆ ಎರಡೂ ಬದಿಗೆ ಅದೇ ಚಿತ್ರವನ್ನು ಮಸುಕು ಮಾಡಿ ಹಾಕುವ ರೂಢಿ ಇದೆ. ಬದಿಯಲ್ಲಿ ಸುಮ್ನೆ ಏನೋ ಅಲುಗುತ್ತಾ ಇದ್ದರೆ ಕಣ್ಣು ಅತ್ತ ಹೋಗುತ್ತದೆ, ನನಗೆ ಅದು ಹಿಡಿಸುವುದಿಲ್ಲ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣ ಹಾಕುವ ಕ್ಲಿಪ್‌ಗಳು ಎರಡು ಮೂರು ಇದ್ದರೆ ಅವನ್ನು ಪಕ್ಕಪಕ್ಕ ಇಡಿ. ಒಂದರಲ್ಲಿ ಕಣ್ಣಿಗೆ ಕಪ್ಪು, ಇನ್ನೊಂದರಲ್ಲಿ ಕಿರೀಟ ಕಟ್ಟುವುದು. ಮೂರು ಇದ್ದರೆ ಪರದೆಯೂ ಹೆಚ್ಚುಕಮ್ಮಿ ತುಂಬುತ್ತದೆ, ನೋಡಲೂ ಚೆಂದ.

ಹಳೇ ಕ್ಯಾಸೆಟ್

ಮದುವೆಯ ಐವತ್ತನೇ ವರ್ಷಕ್ಕೋ ಮನೆಯ ಹಿರಿಯರ ನೆನಪಿಗೋ ಹಳೇ ಮಿನಿ ಡಿವಿ ಕ್ಯಾಸೆಟ್ ತರುವವರು ಇದ್ದಾರೆ. ಅದರ ಚಿತ್ರ 720×576, ಸೆಕೆಂಡಿಗೆ 50 ಅರ್ಧ ಚಿತ್ರ. ಮೀಡಿಯಾಇನ್ಫೊದಲ್ಲಿ ಸ್ಕ್ಯಾನ್ ಟೈಪ್ "ಇಂಟರ್‌ಲೇಸ್ಡ್" ಅಂತ ಬರುತ್ತದೆ. ಹಾಗೇ ಹಾಕಿದರೆ ಕೈ ಬೀಸುವಾಗ ಬಾಚಣಿಗೆಯ ಹಲ್ಲಿನಂತೆ ಗೆರೆ ಕಾಣುತ್ತದೆ. ಸಾಫ್ಟ್‌ವೇರ್‌ನ ಡಿಇಂಟರ್‌ಲೇಸ್ ಆಯ್ಕೆ ಹಾಕಿ. ಪಾಲ್ ಡಿವಿಯಲ್ಲಿ ಕೆಳಗಿನ ಸಾಲು ಮೊದಲು, ಅಂದರೆ ಲೋವರ್ ಫೀಲ್ಡ್ ಫಸ್ಟ್. ಇದು ತಪ್ಪಿದರೆ ಚಿತ್ರ ಹಿಂದೆ ಮುಂದೆ ನಡುಗುತ್ತದೆ.

ಅದರ ಪಿಕ್ಸೆಲ್‌ಗಳು ಚೌಕ ಅಲ್ಲ ಎನ್ನುವುದೂ ನೆನಪಿರಲಿ. ಪಿಕ್ಸೆಲ್ ಆಸ್ಪೆಕ್ಟ್ ರೇಶಿಯೊ ಪಾಲ್ ಅಂತ ಕೊಡಬೇಕು. ಸರಿಯಾಯಿತಾ ಅಂತ ತಿಳಿಯಲು ಚಿತ್ರದಲ್ಲಿ ದುಂಡಗಿನ ವಸ್ತು ಹುಡುಕಿ. ಆರತಿಯ ಹರಿವಾಣವನ್ನು ನೇರ ಮೇಲಿಂದ ತೆಗೆದ ಶಾಟ್ ಇದ್ದರೆ ನೋಡಿ. ದುಂಡಗೆ ಕಂಡರೆ ಸರಿ, ಮೊಟ್ಟೆಯ ಹಾಗೆ ಕಂಡರೆ ತಪ್ಪು. ಅಕ್ಕಪಕ್ಕದ ಕಪ್ಪು ಜಾಗ ಮುಚ್ಚಲು ಚಿತ್ರವನ್ನು ಅಡ್ಡಕ್ಕೆ ಎಳೆಯಬೇಡಿ, ದಯವಿಟ್ಟು. ತೀರಿಹೋದ ಅಜ್ಜಿಯ ಮುಖವನ್ನು ಮಕ್ಕಳು ಎಷ್ಟೋ ವರ್ಷದ ಮೇಲೆ ನೋಡುವಾಗ ಆ ಮುಖ ಇದ್ದ ಹಾಗೇ ಕಾಣಬೇಕು.

ಬಿಳಿಚಿದ ಪಂಚೆ

ಕೆಲವು ಹೊಸ ಫೋನ್‌ಗಳ ಕ್ಲಿಪ್ ಹಾಕಿದ ಕೂಡಲೇ ಬಿಳಿ ಪಂಚೆ, ಹೂವಿನ ಅಲಂಕಾರ ಎಲ್ಲ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಕ್ಲಿಪ್ ಹಾಳಾಗಿಲ್ಲ, ಅದು ಎಚ್‌ಡಿಆರ್, ಅಂದರೆ ಬೆಳಕು-ನೆರಳಿನ ಹೆಚ್ಚಿನ ವ್ಯಾಪ್ತಿ ಹಿಡಿಯುವ ವಿಡಿಯೊ. ಐಫೋನ್ 12ರಿಂದ ಈಚಿನವುಗಳಲ್ಲಿ ಇದು ಸಾಮಾನ್ಯ. ಮೀಡಿಯಾಇನ್ಫೊದ ಬಣ್ಣದ ವಿವರದಲ್ಲಿ ಬಿಟಿ.2020, ಎಚ್‌ಎಲ್‌ಜಿ ಅಂತ ಇರುತ್ತದೆ. ನಮ್ಮ ಪ್ರಾಜೆಕ್ಟ್ ರೆಕ್.709, ಅಂದರೆ ಸಾಮಾನ್ಯ ಎಚ್‌ಡಿ ಟಿವಿಯ ಬಣ್ಣದ ಲೆಕ್ಕ. ಬ್ರೈಟ್‌ನೆಸ್ ಇಳಿಸಿ ಸರಿ ಮಾಡಲು ಹೋಗಬೇಡಿ, ಮುಖ ಮಂಕಾಗುತ್ತದೆ. ರಿಸಾಲ್ವ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಹಾಕಿ ಆ ಕ್ಲಿಪ್‌ಗೆ ಇನ್‌ಪುಟ್ ಕಲರ್ ಸ್ಪೇಸ್ ರೆಕ್.2100 ಎಚ್‌ಎಲ್‌ಜಿ ಅಂತ ಕೊಡಿ. ಪ್ರೀಮಿಯರ್‌ನ ಸೀಕ್ವೆನ್ಸ್ ಸೆಟ್ಟಿಂಗ್‌ನಲ್ಲಿ ಆಟೊ ಟೋನ್ ಮ್ಯಾಪಿಂಗ್ ಇದೆ. ಮುಂದಿನ ಕಾರ್ಯಕ್ರಮಕ್ಕೆ ಹುಡುಗರು ಐಫೋನ್‌ನಲ್ಲಿ ತೆಗೆಯುತ್ತಾರೆ ಅಂತ ಗೊತ್ತಿದ್ದರೆ, ಕ್ಯಾಮೆರಾ ಸೆಟ್ಟಿಂಗ್‌ನ ರೆಕಾರ್ಡ್ ವಿಡಿಯೊ ಒಳಗೆ ಎಚ್‌ಡಿಆರ್ ಆಫ್ ಮಾಡಿ ಅಂತ ಮೊದಲೇ ಹೇಳಿ.

ಕೊಡುವ ಮೊದಲು

ಎಕ್ಸ್‌ಪೋರ್ಟ್ ಮಾಡುವಾಗ ಫ್ರೇಮ್ ರೇಟ್ ಪ್ರಾಜೆಕ್ಟ್‌ನದ್ದೇ ಇರಲಿ. ಹಳೆಯ ಪ್ರಿಸೆಟ್‌ನಲ್ಲಿ 30 ಅಂತ ಕೂತಿದ್ದರೆ ಇಷ್ಟು ಹೊತ್ತು ಮಾಡಿದ ಹೊಂದಾಣಿಕೆ ಎಲ್ಲ ನೀರಲ್ಲಿ ಹೋಮ. ಪೂರ್ತಿ ಎಕ್ಸ್‌ಪೋರ್ಟ್ ಮಾಡುವ ಮೊದಲು ಎರಡೆರಡು ನಿಮಿಷದ ಮೂರು ತುಂಡು ತೆಗೆಯಿರಿ: ಶುರುವಿನ ಚಂಡೆ, ನಡುವೆ ಜೋರಾದ ಕುಣಿತ, ಕೊನೆಯ ಮಂಗಳ. ಪೆನ್‌ಡ್ರೈವ್‌ಗೆ ಹಾಕಿ ಕಂಪ್ಯೂಟರ್ ಬಿಟ್ಟು ಟಿವಿಯಲ್ಲಿ ನೋಡಿ. ಕುಣಿತದಲ್ಲಿ ಪಾದ ತಡೆಯದೆ ತಿರುಗುತ್ತಿದೆಯಾ ಅಂತ ನೋಡಿ. ಆಮೇಲೆ ಮಂಗಳದ ತುಂಡು ಹಾಕಿ, ಭಾಗವತರ ತುಟಿ ಮತ್ತು ತಾಳದ ಕೈ ನೋಡುತ್ತಾ ಕೇಳಿ. ಅಲ್ಲಿ ಎರಡೂ ಕೂಡಿದ್ದರೆ ರಾತ್ರಿಗೆ ಪೂರ್ತಿ ಎಕ್ಸ್‌ಪೋರ್ಟ್ ಹಾಕಿಟ್ಟು ಮಲಗಬಹುದು.